ಬೀಳೋದನ್ನ ಕಲಿತಿದ್ದು, ರಾಗಿ ಹುಲ್ಲಿನ ಮೇಲೆ

ಮೊದಲನೇ ಸಲ ಸೈಕಲ್ಲಿಂದ ಬಿದ್ದಿದ್ದು ರಾಗಿ ಮೇಲೆ. ಡಿಸೆಂಬರ್ ಕೊನೆ ವಾರ, ಬೆಳಗ್ಗೆ ಏಳೂವರೆ ಇರಬಹುದು, ನಂದಿ ಊರಲ್ಲಿ ಭೋಗನಂದೀಶ್ವರನಿಗೆ ಕೈಮುಗಿದು ಮುದ್ದೇನಹಳ್ಳಿ ಕಡೆ ಹೊರಟಿದ್ವಿ, ನಾನು, ಆಫೀಸಲ್ಲಿ ಜೊತೆಗೆ ಕೆಲಸ ಮಾಡೋ ಇಬ್ಬರು, ಪಕ್ಕದ ಬೀದಿ ಅಕ್ಕ ಒಬ್ಬರು. ರಸ್ತೆ ತುಂಬಾ ರಾಗಿ ತೆನೆ ಹಾಸಿದ್ರು. ನಮ್ಮ ಚಿಕ್ಕಬಳ್ಳಾಪುರದ ಕಡೆ ಸುಗ್ಗೀಲಿ ಇದು ಹೊಸದೇನಲ್ಲ, ಬಸ್ಸು ಲಾರಿ ಓಡಾಡಿದ್ರೆ ಒಕ್ಕಣೆ ಆಗೋಗುತ್ತೆ ಅಂತ ರಾಗಿ, ಹುರುಳಿ, ಅವರೆ ಎಲ್ಲಾ ತಂದು ಟಾರ್ ಮೇಲೆ ಹರಡ್ತಾರೆ. ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ, ನಾನೂ ಅದೇ ಮನೆಯಿಂದ ಬಂದೋಳು, ಸಗಣಿ ಬಳಿದ ಕಣ ಯಾರ ಮನೇಲೂ ಉಳಿದಿಲ್ಲ ಈಗ. ಆದ್ರೆ ಗಾಡಿ ಓಡಾಡಿ ಓಡಾಡಿ ನುರಿದ ಹುಲ್ಲಿದೆಯಲ್ಲ, ಅದು ಎಣ್ಣೆ ಸವರಿದ ಹಾಗಿರುತ್ತೆ, ಕೆಳಗಡೆ ಉದುರಿರೋ ಕಾಳು ಬೇರಿಂಗ್ ಗುಂಡಿನ ತರ ಉರುಳ್ತಿರುತ್ತೆ. ಅದರ ಮೇಲೆ ಹೋಗಿ ನಾನು ಮುಂದಿನ ಬ್ರೇಕ್ ಹಿಡಿದೆ.

ಬಿದ್ದಿದ್ದು ಹೆಂಗೆ ಅಂತ ಪೂರ್ತಿ ನೆನಪಿಲ್ಲ. ಒಂದು ಮಾತ್ರ ಚೆನ್ನಾಗಿ ನೆನಪಿದೆ, ನಾನು ಹೇಳದೇನೇ ಬಲಗೈ ತಾನಾಗೇ ಮುಂದಕ್ಕೆ ಚಾಚ್ಕೊಂಡಿತು, ಅಂಗೈ ನೆಲಕ್ಕೆ ಊರಿತು, ನನ್ನ ಭಾರ ಎಲ್ಲಾ ಅದರ ಮೇಲೆ ಬಿತ್ತು. ತೆನೆ ತಿರುವ್ತಿದ್ದ ಅಜ್ಜ ಒಬ್ಬರು ಓಡಿಬಂದು "ಅಯ್ಯೋ ತಾಯಿ, ಹುಲ್ಲಿನ ಮೇಲೆ ಬ್ರೇಕು ಹಾಕ್ತಾರೇನಮ್ಮಾ, ಹಂಗೇ ಬಿಟ್ಬಿಡಬೇಕಿತ್ತು" ಅಂದ್ರು, ಚೊಂಬಲ್ಲಿ ನೀರು ಕೊಟ್ರು, ಕೈಯಿಂದ ಹುಲ್ಲು ಕಿತ್ತು ತೆಗೆದ್ರು. ಸೈಕಲ್ ಬಗ್ಗೆ ನನಗೆ ಸಿಕ್ಕ ಮೊದಲನೇ ಸರಿಯಾದ ಪಾಠ ಅದು, ಆ ಅಜ್ಜ ಹೇಳಿದ್ದು ನೂರಕ್ಕೆ ನೂರು ನಿಜ, ಜಾರೋ ಜಾಗದಲ್ಲಿ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸೋದೂ ಬೇಡ, ನೆಟ್ಟಗೆ ದಾಟಿಬಿಡಬೇಕು.

ಕೈ ಊದಿತ್ತು ಆದ್ರೆ ಅಷ್ಟೇನೂ ನೋವಿರಲಿಲ್ಲ. ಎಕ್ಸ್‌ರೇಲಿ ಏನೂ ಕಾಣ್ಲಿಲ್ಲ. ಆದ್ರೆ ಡಾಕ್ಟರು ಹೆಬ್ಬೆರಳಿನ ಬುಡದಲ್ಲಿ ಒಂದು ಗುಳಿ ಇರುತ್ತೆ ನೋಡಿ, ಹೆಬ್ಬೆರಳು ಎತ್ತಿದಾಗ ಎರಡು ನರದ ನಡುವೆ ಕಾಣುತ್ತಲ್ಲ, ಅಲ್ಲಿ ಒತ್ತಿದ್ರು, ಪ್ರಾಣ ಹೋದಂಗಾಯ್ತು. ಸ್ಕೇಫಾಯ್ಡ್ ಅಂತ ಗೋಡಂಬಿ ಗಾತ್ರದ ಮೂಳೆಯಂತೆ ಅದು, ಚಾಚಿದ ಕೈ ಮೇಲೆ ಬಿದ್ರೆ ಮಣಿಕಟ್ಟಿನ ಸಣ್ಣ ಮೂಳೆಗಳಲ್ಲಿ ಮುರಿಯೋದು ಅದೇ ಜಾಸ್ತಿಯಂತೆ, ಮೊದಲನೇ ದಿನದ ಎಕ್ಸ್‌ರೇಲಿ ಎಷ್ಟೋ ಸಲ ಬಿರುಕು ಕಾಣೋದೇ ಇಲ್ಲವಂತೆ, ರಕ್ತ ಓಡಾಟ ಕಮ್ಮಿ ಇರೋ ಮೂಳೆ ಆದ್ದರಿಂದ ಉಳುಕು ಅಂತ ಬಿಟ್ರೆ ಕೂಡದೇ ಹಂಗೇ ಉಳಿದುಬಿಡುತ್ತಂತೆ. ಸುಮ್ನೆ ಕಟ್ಟು ಹಾಕಿ ಎರಡು ವಾರ ಬಿಟ್ಟು ಬನ್ನಿ ಅಂದ್ರು, ಆಮೇಲೆ ತೆಗೆಸಿದ ಎಕ್ಸ್‌ರೇಲಿ ಕೂದಲೆಳೆಯಷ್ಟು ಗೆರೆ ಕಾಣಿಸ್ತು. ದಯವಿಟ್ಟು ಇದೊಂದು ನೆನಪಿಟ್ಕೊಳ್ಳಿ, ಬಿದ್ದ ಮೇಲೆ ಆ ಗುಳೀಲಿ ನೋವಿದ್ರೆ ಎಣ್ಣೆ ನೀವಿಸ್ಕೊಂಡು ಸುಮ್ನಾಗಬೇಡಿ.

ಎರಡೂವರೆ ತಿಂಗಳು ಕಟ್ಟು. ಮುದ್ದೆ ಮುರಿಯೋಕೆ ಆಗ್ತಿರಲಿಲ್ಲ, ಮಗಳ ಜಡೆ ಹಾಕೋಕೆ ಆಗ್ತಿರಲಿಲ್ಲ, ನಮ್ಮತ್ತೇನೇ ಎಲ್ಲಾ ನೋಡ್ಕೊಂಡ್ರು. ಆ ಟೈಮಲ್ಲಿ ತಲೇಲಿ ಕೊರೀತಾ ಇದ್ದಿದ್ದು ಒಂದೇ. ಸೈಕಲ್ ಅಂದ್ರೆ ಒಂದಲ್ಲ ಒಂದು ದಿನ ಬೀಳೋದೇ, ಹಂಗಿದ್ಮೇಲೆ ಬ್ಯಾಲೆನ್ಸ್ ಕಲಿಸ್ತಾರೆ, ಗೇರ್ ಕಲಿಸ್ತಾರೆ, ಬೀಳೋದನ್ನ ಮಾತ್ರ ಯಾಕೆ ಯಾರೂ ಕಲಿಸಲ್ಲ?

ನಮ್ಮ ಬೀದೀಲಿ ರಿಟೈರ್ ಆದ ಪಿ.ಟಿ. ಮೇಷ್ಟ್ರು ಒಬ್ಬರಿದ್ದಾರೆ, ಹರೆಯದಲ್ಲಿ ಜೂಡೋ ಆಡಿದ್ದವರು, ಹೆಸರು ಹಾಕಬೇಡಮ್ಮಾ ಅಂದಿದ್ದಾರೆ ಅದಕ್ಕೆ ಹಾಕಲ್ಲ. ಅವರ ಹತ್ರ ಹೋಗಿ ಕೇಳಿದೆ, ಸರ್ ನಂಗೆ ಬೀಳೋದು ಹೇಳಿಕೊಡಿ ಅಂತ. ಅವರು ನಗಲಿಲ್ಲ. ಜೂಡೋದಲ್ಲಿ ಮೊದಲು ಕಲಿಸೋದೇ ಅದು ಅಂದ್ರು. ಜಿಗೊರೊ ಕಾನೊ ಅನ್ನೋರು 1882ರಲ್ಲಿ ಜಪಾನಲ್ಲಿ ಜೂಡೋ ಶುರು ಮಾಡಿದ್ದು, ಎತ್ತಿ ಒಗೆಯೋದೇ ಆಟ ಆದ್ದರಿಂದ ಒಗೆಸ್ಕೊಳ್ಳೋನು ಪೆಟ್ಟಾಗದ ಹಾಗೆ ಬೀಳೋದು ಮೊದಲು ಬರಬೇಕು, ಅದಕ್ಕೆ ಉಕೆಮಿ ಅಂತಾರೆ, ಉಕೆಮಿ ಬರೋವರೆಗೂ ಯಾರನ್ನೂ ಒಗೆಯೋಕೆ ಬಿಡಲ್ಲ. "ನಿಮ್ಮ ಸೈಕಲ್ಲು ನಿಮ್ಮನ್ನ ಒಗೀತದೆ, ಅಷ್ಟೇ ವ್ಯತ್ಯಾಸ" ಅಂದ್ರು.

ಮ್ಯಾಟ್ ಎಲ್ಲಿಂದ ತರೋದು. ಅವರ ಮನೆ ಹಿಂದಿನ ಖಾಲಿ ಜಾಗದಲ್ಲಿ ಮೊಣಕಾಲುದ್ದ ರಾಗಿ ಹುಲ್ಲು ಹರಡಿ, ಮೇಲೆ ಹಳೇ ಹತ್ತಿ ಹಾಸಿಗೆ ಎರಡು ಹಾಕಿ, ಅದರ ಮೇಲೊಂದು ಟಾರ್ಪಾಲು ಬಿಗಿದ್ವಿ. ನನ್ನ ಕೈ ಮುರಿದ ಅದೇ ರಾಗಿಯ ಹುಲ್ಲು.

ಮೊದಲನೇ ವಾರ ನಿಂತು ಬೀಳೋದೇ ಇಲ್ಲ. ಅಂಗಾತ ಮಲಗಿಕೊಂಡು ತಲೆ ಎತ್ತಿ ಹೊಕ್ಕಳು ನೋಡೋದು, ಗದ್ದ ಎದೆಗೆ ತಾಗಬೇಕು. ಕೇಳೋಕೆ ಸುಲಭ, ಐದು ನಿಮಿಷಕ್ಕೇ ಕುತ್ತಿಗೆ ನಡುಗೋಕೆ ಶುರುವಾಗುತ್ತೆ. ಹಿಂದಕ್ಕೆ ಬಿದ್ದಾಗ ಬುರುಡೆಯ ಹಿಂಭಾಗ ನೆಲಕ್ಕೆ ಬಡಿಯದೇ ಇರೋದು ಈ ಒಂದು ಅಭ್ಯಾಸದಿಂದ. ಆಮೇಲೆ ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಉರುಳೋದು, ಬೆನ್ನು ಹಲಗೆ ತರ ಅಲ್ಲ, ಮೊರದ ಬೆನ್ನಿನ ತರ ಬಾಗಿರಬೇಕು. ನೆಲ ಮುಟ್ಟೋ ಹೊತ್ತಿಗೆ ಬಾಯಿಂದ ಹಾ ಅಂತ ಉಸಿರು ಬಿಡಬೇಕು, ಉಸಿರು ಬಿಗಿಹಿಡಿದವನ ಮೈಯೂ ಬಿಗಿಯಾಗೇ ಇರುತ್ತೆ ಅಂತ ಮೇಷ್ಟ್ರು ದಿನಾ ಹೇಳೋರು.

ಮೂರನೇ ವಾರ ಹೆಗಲ ಮೇಲೆ ಉರುಳೋದು. ಇದೇ ನಿಜವಾದ ವಿದ್ಯೆ ಅಂತ ನನಗನ್ನಿಸೋದು. ಒಂದು ಮಂಡಿ ಊರಿ ಕೂತು, ಬಲಗೈಯನ್ನ ಮುಂದೆ ತರಬೇಕು, ಆದ್ರೆ ನೆಟ್ಟಗೆ ಕೋಲಿನ ತರ ಅಲ್ಲ. "ಬಳೆ ತರಾ ಅಮ್ಮಾ, ಕೈ ಬಳೆ ತರಾ ಬಾಗಿರಲಿ, ಬಳೆ ಉರುಳ್ತದೆ, ಕೋಲು ಮುರೀತದೆ" ಅಂತಿದ್ರು. ಮೊದಲು ಕಿರುಬೆರಳಿನ ಅಂಚು ನೆಲ ಮುಟ್ಟುತ್ತೆ, ಆಮೇಲೆ ಮುಂಗೈ ಹೊರಗಡೆ, ಆಮೇಲೆ ಮೊಣಕೈ ಮೇಲ್ಭಾಗ, ಬಲ ಹೆಗಲ ಹಿಂದೆ, ಅಲ್ಲಿಂದ ಬೆನ್ನಿನ ಮೇಲೆ ಓರೆಯಾಗಿ ಜನಿವಾರ ಹೋಗೋ ಹಾಗೆ ಇಳಿದು ಎಡ ಸೊಂಟದಲ್ಲಿ ಮುಗಿಯಬೇಕು. ತಲೆ ಎಡಕ್ಕೆ ವಾಲಿರಬೇಕು, ನೆಲ ಮುಟ್ಟಲೇಬಾರದು. ಮಕ್ಕಳು ಹಾಕೋ ಲಾಗ ಇದಲ್ಲ, ಲಾಗದಲ್ಲಿ ನೆತ್ತಿ, ಕುತ್ತಿಗೆ, ಬೆನ್ನುಮೂಳೆ ಮೇಲೇ ಹೋಗ್ತೀವಿ, ರಸ್ತೇಲಿ ಅದು ಬಹಳ ಅಪಾಯ. ನಾನು ಹದಿನೈದು ದಿನ ಪ್ರತಿ ಸಲ ಅಂಗೈ ಊರ್ತಿದ್ದೆ. ಮನಸ್ಸಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಅಂಬೆಗಾಲಿಡೋವಾಗಿಂದ ಕೈ ಊರಿ ಊರಿ ಅಭ್ಯಾಸ ಆಗಿರೋ ಕೈ ಅದು, ಒಂದು ಮಾತಲ್ಲಿ ಹೇಳಿದ್ರೆ ಎಲ್ಲಿ ಕೇಳುತ್ತೆ, ದಿನಾ ಮೂವತ್ತು ನಲವತ್ತು ಸಲ ಉರುಳಿ ಉರುಳಿ ಒಂದು ದಿನ ಯೋಚನೆ ಮಾಡದೇ ಬಾಗಿತು.

ಜೂಡೋದಲ್ಲಿ ಬಿದ್ದ ತಕ್ಷಣ ಕೈಯಿಂದ ಮ್ಯಾಟಿಗೆ ಜೋರಾಗಿ ಬಡೀತಾರೆ, ನೋಡಿರ್ತೀರ. ಮೇಷ್ಟ್ರು ಅದನ್ನ ಹುಲ್ಲಿನ ಮೇಲೆ ಮಾಡಿಸಿದ್ರು ಆದ್ರೆ ರಸ್ತೇಲಿ ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದ್ರು. ಟಾರು ಮ್ಯಾಟಲ್ಲ, ಕೈ ಬಡಿದ್ರೆ ಕೈಯೇ ಹೋಗುತ್ತೆ. ಪೆಟ್ಟನ್ನ ಒಂದು ಮೂಳೆಗೆ ಕೊಡದೇ ತೊಡೆ, ಸೊಂಟ, ಭುಜದ ಹಿಂದಿನ ಮಾಂಸ ಎಲ್ಲಕ್ಕೂ ಹಂಚಬೇಕು, ಆಗೋದನ್ನ ಒಂದೇ ಏಟಿಗೆ ಮುಗಿಸದೇ ಉರುಳ್ತಾ ಜಾರ್ತಾ ಮುಗಿಸಬೇಕು, ಅಲ್ಲಿಂದ ತಗೋಬೇಕಾಗಿರೋದು ಇಷ್ಟು.

ಐದನೇ ವಾರಕ್ಕೆ ಸೈಕಲ್ ತಂದ್ವಿ. ಸೀಟು ಇಳಿಸಿ, ಹುಲ್ಲಿನ ಪಕ್ಕ ನಡಿಗೆ ಸ್ಪೀಡಲ್ಲಿ ಬಂದು ಪಕ್ಕಕ್ಕೆ ಬೀಳೋದು. ಇಲ್ಲಿ ಸೈಕಲ್ಲಿಗೇ ಅಂತ ಇರೋ ಒಂದು ವಿಷಯ ಇದೆ, ಚಕ್ರ ಪಕ್ಕಕ್ಕೆ ಜಾರಿ ಬೀಳೋವಾಗ ಹ್ಯಾಂಡಲ್ ಬಿಡಬಾರದು. ಹಿಡಿದಿದ್ರೆ ಕೈ ಮೈ ಹತ್ರಾನೇ ಇರುತ್ತೆ, ಚಾಚ್ಕೊಳ್ಳೋಕೆ ಆಗಲ್ಲ, ತೊಡೆ ಸೊಂಟ ಮೊದಲು ನೆಲ ಮುಟ್ಟುತ್ತೆ. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿದಾಗ ಮಾತ್ರ ಬಿಟ್ಟು ಬಳೆ ಮಾಡ್ಕೊಂಡು ಉರುಳಬೇಕು. ಮುಂದಕ್ಕೆ ಹಾರದೇ ಇರೋ ಹಾಗೆ ನೋಡ್ಕೊಳ್ಳೋದು ಅದಕ್ಕಿಂತ ಮುಖ್ಯ, ಜೋರಾಗಿ ಬ್ರೇಕ್ ಹಾಕೋವಾಗ ಸೊಂಟ ಸೀಟಿಗಿಂತ ಹಿಂದೆ ತಗೊಂಡು ಹೋಗಿ ಮೊಣಕೈ ಸಡಿಲ ಬಿಡಬೇಕು, ಮುಂದಿನ ಬ್ರೇಕ್ ಮೆಲ್ಲಗೆ ಹಿಂಡಬೇಕು, ಗಪ್ ಅಂತ ಹಿಡೀಬಾರದು.

ಈಗ ಹೆಲ್ಮೆಟ್ ವಿಷಯ. ಇಷ್ಟೆಲ್ಲಾ ಕಲಿತ ಮೇಲೆ ಹೆಲ್ಮೆಟ್ ಯಾಕೆ ಅಂತ ಜೊತೆಯವರು ಒಬ್ಬರು ಕೇಳಿದ್ರು, ಮೇಷ್ಟ್ರಿಗೆ ಸಿಟ್ಟೇ ಬಂತು. ಮ್ಯಾಟ್ ಮೇಲೆ ಬೀಳೋನಿಗೆ ಬೀಳ್ತೀನಿ ಅಂತ ಗೊತ್ತಿರುತ್ತೆ, ರಸ್ತೇಲಿ ಅರ್ಧ ಸೆಕೆಂಡು ಕೂಡ ಸಿಗಲ್ಲ. ಕೈ, ಹೆಗಲ ಮೂಳೆ ಉಳಿಸೋಕೆ ಬೀಳೋ ವಿದ್ಯೆ, ತಲೆ ಉಳಿಸೋಕೆ ಹೆಲ್ಮೆಟ್ಟು, ಒಂದರ ಕೆಲಸ ಇನ್ನೊಂದು ಮಾಡಲ್ಲ.

ಅದು ಹೆಂಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡ ಮೇಲೆ ನನಗೆ ಅದರ ಮೇಲೆ ಗೌರವ ಬಂತು. ಒಳಗಿರೋದು ಥರ್ಮಾಕೋಲ್ ಜಾತಿಯ ಫೋಮು, ಟಿವಿ ಡಬ್ಬದಲ್ಲಿ ಬರುತ್ತಲ್ಲ ಅದರದ್ದೇ ಗಟ್ಟಿ ರೂಪ. ಒಂದೂವರೆ ಮೀಟರ್ ಎತ್ತರದಲ್ಲಿರೋ ತಲೆ ಸುಮ್ನೆ ನೆಲಕ್ಕೆ ಬಿದ್ರೂ ಗಂಟೆಗೆ ಹತ್ತೊಂಬತ್ತು ಕಿ.ಮೀ. ಮೇಲೆ ವೇಗದಲ್ಲಿ ಬಡಿಯುತ್ತೆ, ಅದಕ್ಕೆ ಸೈಕಲ್ ಓಡಬೇಕು ಅಂತಲೂ ಇಲ್ಲ, ಸಿಗ್ನಲ್ಲಲ್ಲಿ ನಿಂತಲ್ಲೇ ಬಿದ್ರೂ ಹತ್ತಿರ ಹತ್ತಿರ ಅಷ್ಟೇ. ಬರೀ ತಲೆಯಾದ್ರೆ ಆ ವೇಗ ಒಂದೆರಡು ಮಿಲಿಮೀಟರಲ್ಲಿ ನಿಲ್ಲಬೇಕು, ಒಳಗಿನ ಮೆದುಳು ನಿಲ್ಲಲ್ಲ, ಬುರುಡೆ ಗೋಡೆಗೆ ಹೋಗಿ ಬಡಿಯುತ್ತೆ. ಫೋಮು ಇದ್ರೆ ಅದು ನುಗ್ಗಾಗ್ತಾ ಒಂದು ಒಂದೂವರೆ ಸೆಂಟಿಮೀಟರ್ ದಾರಿ ಕೊಡುತ್ತೆ. ಆ ಒಂದು ಬೆರಳಿನ ದಪ್ಪದ ದಾರೀಲೇ ಎಲ್ಲಾ ಇರೋದು. ಅಮೆರಿಕದಲ್ಲಿ ಗ್ರಾಹಕರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಸಿಪಿಎಸ್‌ಸಿ ಪರೀಕ್ಷೇಲಿ ಒಳಗೆ ಲೋಹದ ತಲೆ ಇಟ್ಟು 2 ಮೀಟರ್ ಎತ್ತರದಿಂದ ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸ್ತಾರೆ, ಯುರೋಪಿನ ಹೆಲ್ಮೆಟ್ ಮಾನದಂಡ ಇಎನ್ 1078ರಲ್ಲಿ ಸುಮಾರು ಒಂದೂವರೆ ಮೀಟರ್. ಕೊಳ್ಳೋವಾಗ ಒಳಗಡೆ ಸ್ಟಿಕ್ಕರಲ್ಲಿ ಇವೆರಡರಲ್ಲಿ ಒಂದು ಗುರುತು ಇದೆಯಾ ನೋಡಿ. ಸ್ಕೂಟರ್ ಹೆಲ್ಮೆಟ್ಟಿನ ಐಎಸ್‌ಐ ಗುರುತು, ಐಎಸ್ 4151, ಅದು ಬೇರೆ ಲೆಕ್ಕ, ಅದನ್ನ ಹಾಕ್ಕೊಂಡು ನಂದಿ ಬೆಟ್ಟ ತುಳಿಯೋಕೆ ಆಗಲ್ಲ, ಬೆವರಲ್ಲೇ ಕಣ್ಣು ಕತ್ತಲೆ ಬರುತ್ತೆ.

ಹೆಂಗಸರಿಗೆ ಒಂದು ಮಾತು, ಇದನ್ನ ಯಾರೂ ಬರೆದಿದ್ದು ನಾನು ನೋಡಿಲ್ಲ. ತುರುಬು ಕಟ್ಟಿಕೊಂಡು ಹೆಲ್ಮೆಟ್ ಹಾಕಬೇಡಿ. ಹಿಂದೆ ತುರುಬು ತಳ್ಳಿ ತಳ್ಳಿ ಹೆಲ್ಮೆಟ್ಟು ಹಣೆ ಮೇಲಕ್ಕೆ ಎದ್ದುಬಿಡುತ್ತೆ ಇಲ್ಲಾ ಕಣ್ಣಿಗೆ ಬರುತ್ತೆ, ಎರಡೂ ಕೆಟ್ಟದ್ದೇ. ಕುತ್ತಿಗೆ ಹತ್ರದಿಂದ ಸಡಿಲವಾಗಿ ಒಂದೇ ಜಡೆ ಹಾಕ್ಕೊಳ್ಳಿ, ಕ್ಲಿಪ್ಪು, ಹೇರ್‌ಪಿನ್ನು ಏನೂ ಬೇಡ, ಬಿದ್ದಾಗ ಅದೇ ಚುಚ್ಚುತ್ತೆ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಹೆಲ್ಮೆಟ್ ಮಟ್ಟಸವಾಗಿ ಕೂರಬೇಕು, ಪಟ್ಟಿ ಎರಡೂ ಕಿವಿ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದೋ ಎರಡೋ ಬೆರಳು ಮಾತ್ರ ಹೋಗಬೇಕು, ಬಾಯಿ ದೊಡ್ಡದಾಗಿ ತೆರೆದ್ರೆ ಹೆಲ್ಮೆಟ್ಟು ತಲೆ ಮೇಲೆ ಒತ್ತಿದಂಗೆ ಆಗಬೇಕು. ಪಟ್ಟಿ ಹಾಕದ ಹೆಲ್ಮೆಟ್ಟು ನಾವು ನೆಲ ಮುಟ್ಟೋಕೆ ಮುಂಚೇನೇ ಹಾರಿ ಹೋಗಿರುತ್ತೆ.

ಎರಡನೇ ಸಲ ಬಿದ್ದಿದ್ದು ನಂದಿ ಬೆಟ್ಟ ಇಳಿಯೋವಾಗ, ಆಷಾಢದಲ್ಲಿ. 1,478 ಮೀಟರ್ ಎತ್ತರದ ಬೆಟ್ಟ, ಮೇಲಿಂದ ಕೆಳಗೆ ಬರೀ ತಿರುವುಗಳೇ, ಮಂಜು ಇಳಿದು ರಸ್ತೆ ಒದ್ದೆ, ತಿರುವಿನಲ್ಲಿ ನೀಲಗಿರಿ ಎಲೆ ಬಿದ್ದು ರಸ್ತೆಗೆ ಅಂಟ್ಕೊಂಡಿತ್ತು. ನಾನು ಸ್ಪೀಡಲ್ಲಿರಲಿಲ್ಲ, ಇಪ್ಪತ್ತೈದು ಇರಬಹುದು. ಎಡಕ್ಕೆ ವಾಲಿದ್ದೆ, ಮುಂದಿನ ಚಕ್ರ ಸರ್ ಅಂತ ಕಿತ್ಕೊಂಡು ಹೋಯ್ತು. ಕೈ ಚಾಚಲಿಲ್ಲ. ಹ್ಯಾಂಡಲ್ ಹಿಡಿದೇ ಇದ್ದೆ, ಬಾಯಿಂದ ಹಾ ಅಂತ ಬಂದಿದ್ದು ನನಗೇ ಕೇಳಿಸ್ತು. ಎಡ ತೊಡೆ, ಸೊಂಟ, ಹೆಗಲು, ಆಮೇಲೆ ಟಕ್ ಅಂತ ಒಂದು ಸದ್ದು, ಒಣಗಿದ ಸೋರೆಬುರುಡೆ ಒಡೆದ ಹಾಗೆ. ಎಡ ಕಿವಿ ಮೇಲ್ಗಡೆ ಹೆಲ್ಮೆಟ್ಟು ರಸ್ತೆ ಅಂಚಿನ ಕಲ್ಲಿಗೆ ಬಡಿದಿತ್ತು.

ಜೊತೆಗಿದ್ದ ಅಕ್ಕ ನನ್ನನ್ನ ಏಳೋಕೇ ಬಿಡಲಿಲ್ಲ. ಬಿದ್ದ ತಕ್ಷಣ ನಾಚಿಕೆಗೆ ದಡಕ್ಕನೆ ಏಳ್ತೀವಲ್ಲ, ಅದು ಮಾಡಬಾರದು. ಹಿಂದೆ ಬರ್ತಿದ್ದ ಗಾಡಿಗಳಿಗೆ ಒಬ್ಬರು ಕೈ ಅಡ್ಡ ಹಿಡಿದ್ರು, ಅಕ್ಕ ಕುತ್ತಿಗೆ ನೋಯ್ತಿದೆಯಾ, ಬೆರಳು ಆಡಿಸು, ಇವತ್ತು ಯಾವ ವಾರ, ತಿಂಡಿಗೆ ಏನು ತಿಂದ್ವಿ ಅಂತೆಲ್ಲಾ ಕೇಳಿದ್ರು. ಎಲ್ಲಾ ಸರಿಯಾಗೇ ಹೇಳಿದೆ, ಆದ್ರೂ ಸೈಕಲ್ ಹತ್ತೋಕೆ ಬಿಡದೇ ಬೆಟ್ಟದ ಕೆಳಗೆ ಸೇವಂತಿಗೆ ಮಾರಿ ಖಾಲಿ ಬರ್ತಿದ್ದ ಟೆಂಪೋಲಿ ಕೂರಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಒಂದು ದಿನ ಪೂರ್ತಿ ಮನೆಯವರು ನೋಡ್ಕೊಂಡ್ರು. ವಾಂತಿ, ಜಾಸ್ತಿ ಆಗ್ತಾ ಹೋಗೋ ತಲೆನೋವು, ಮಾತು ತೊದಲೋದು, ಎಬ್ಬಿಸೋಕಾಗದ ನಿದ್ದೆ, ಕೇಳಿದ್ದನ್ನೇ ಕೇಳೋದು, ಇದರಲ್ಲಿ ಒಂದು ಕಂಡ್ರೂ ಕಾಯದೇ 108ಕ್ಕೆ ಫೋನ್ ಮಾಡಬೇಕು. ನನಗೆ ಆಗಿದ್ದು ತೊಡೆ ತರಚಿದ್ದು, ಹೆಗಲು ನೀಲಿಗಟ್ಟಿದ್ದು, ಅಷ್ಟು. ಮೂಳೆ ಒಂದೂ ಹೋಗಿರಲಿಲ್ಲ. ಸೈಕಲ್ಲು ಎಡಕ್ಕೆ ಬಿದ್ದಿದ್ದರಿಂದ ಗೇರೂ ಉಳೀತು. ಬಲಕ್ಕೆ ಬಿದ್ರೆ ಹಿಂದಿನ ಗೇರ್ ಹಿಡಿದಿರೋ ಕೊಂಡಿ ಒಳಕ್ಕೆ ಬಗ್ಗಿರುತ್ತೆ, ನೋಡದೇ ಚೈನನ್ನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ್ರೆ ಗೇರು ಚಕ್ರದ ಕಡ್ಡಿಗೆ ಸಿಕ್ಕಿ ಇನ್ನೊಂದು ಸಲ ಬೀಳ್ತೀರ.

ಆ ಹೆಲ್ಮೆಟ್ಟನ್ನ ಮೇಷ್ಟ್ರು ಹ್ಯಾಕ್ಸಾ ಬ್ಲೇಡಲ್ಲಿ ಕೊಯ್ದು ಎರಡು ಹೋಳು ಮಾಡಿದ್ರು. ಹೊರಗಿಂದ ನೋಡಿದ್ರೆ ಬಣ್ಣ ಸ್ವಲ್ಪ ಕೆತ್ತಿಹೋಗಿ ಒಂದು ಸಣ್ಣ ಬಿರುಕು, ಅಷ್ಟೇ, ಇನ್ನೂ ನಾಲ್ಕು ವರ್ಷ ಹಾಕಬಹುದು ಅನ್ಸುತ್ತೆ. ಒಳಗೆ ನೋಡಿದ್ರೆ ಬಲಗಡೆ ಫೋಮಿನ ಕಾಳು ಕಾಳು ದುಂಡಗೆ ಸಾಬೂದಾನಿ ತರ ಇವೆ, ಎಡಗಡೆ ಪೆಟ್ಟು ಬಿದ್ದಲ್ಲಿ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿ ಅವಲಕ್ಕಿ ಆಗೋಗಿವೆ. ಸ್ಕೇಲಲ್ಲಿ ಅಳೆದ್ವಿ, ಬಲಗಡೆ 24 ಮಿಲಿಮೀಟರ್, ಎಡಗಡೆ 17. ಏಳು ಮಿಲಿಮೀಟರ್. ಅವಲಕ್ಕಿ ಆದದ್ದು ಮತ್ತೆ ಉಬ್ಬಲ್ಲ, ಅದಕ್ಕೇ ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ಟನ್ನ ಎಷ್ಟೇ ಚೆನ್ನಾಗಿ ಕಂಡ್ರೂ ಮತ್ತೆ ಹಾಕಬಾರದು, ಬೇರೆಯವರಿಗೆ ಕೊಡಲೂಬಾರದು. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ಟು ತಗೋಬೇಡಿ ಅಂತ ಹೇಳೋದೂ ಇದಕ್ಕೇ.

ಸೆಕೆ ಆಗುತ್ತೆ, ಕೂದಲು ಉದುರುತ್ತೆ ಅಂತ ಬಿಡೋರಿಗೆ ಒಂದು ವಿಷಯ ಹೇಳಬೇಕು. ದೊಡ್ಡ ದೊಡ್ಡ ರೇಸ್ ಓಡಿಸೋರೂ ಬೇಡ ಅಂತಿದ್ರು. 1991ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡೋಕೆ ಹೋದಾಗ ಫ್ರಾನ್ಸಿನ ಪ್ಯಾರಿಸ್-ನೀಸ್ ರೇಸಲ್ಲಿ ರೈಡರ್‌ಗಳು ಮುಷ್ಕರಾನೇ ಮಾಡಿದ್ರು, ಕಾನೂನು ಹಿಂದಕ್ಕೆ ಹೋಯ್ತು. 1995ರ ಟೂರ್ ಡಿ ಫ್ರಾನ್ಸಲ್ಲಿ ಫಾಬಿಯೊ ಕಸಾರ್ಟೆಲ್ಲಿ ಅನ್ನೋ ಇಟಲಿ ಹುಡುಗ ಬೆಟ್ಟ ಇಳಿಯೋವಾಗ ಬಿದ್ದು ತಲೆಗೆ ಪೆಟ್ಟಾಗಿ ತೀರ್ಕೊಂಡ, ಒಲಿಂಪಿಕ್ ಚಿನ್ನ ಗೆದ್ದವನು. ಆಗಲೂ ಕಡ್ಡಾಯ ಆಗಲಿಲ್ಲ. 2003ರ ಮಾರ್ಚಲ್ಲಿ ಅದೇ ಪ್ಯಾರಿಸ್-ನೀಸಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಹೆಲ್ಮೆಟ್ಟಿಲ್ಲದೇ ಪ್ರಾಣ ಬಿಟ್ಟ ಮೇಲೆ ಆ ವರ್ಷವೇ ಕಡ್ಡಾಯ ಆಯ್ತು. ದಿನಾ ಆರು ಗಂಟೆ ಸೈಕಲ್ ಮೇಲೇ ಇರೋರು ಅವರು, ಅಷ್ಟು ನುರಿತವರಿಗೂ ಬೇಕಾಯ್ತು.

ಹೆಲ್ಮೆಟ್ಟು ಮಾಡಲಾಗದ್ದೂ ಇದೆ, ಅದನ್ನ ಮುಚ್ಚಿಡಬಾರದು. ಹೈವೇಲಿ ಲಾರಿ ಗುದ್ದಿದ್ರೆ ಈ ಫೋಮು ಏನೂ ಮಾಡೋಕಾಗಲ್ಲ, ಅದನ್ನ ಆ ಪೆಟ್ಟಿಗೆ ಮಾಡಿದ್ದೇ ಅಲ್ಲ, ಬೀಳೋ ವಿದ್ಯೆಯೂ ಅಲ್ಲಿ ಕೆಲಸಕ್ಕೆ ಬರಲ್ಲ. ಅದಕ್ಕೇ ನಾವು 44ನೇ ಹೈವೇಗೆ ಇಳಿಯೋದೇ ಇಲ್ಲ, ಹಳ್ಳಿ ರಸ್ತೇಲೇ ಹೋಗ್ತೀವಿ, ಕತ್ತಲಿದ್ರೆ ಹಿಂದೆ ಕೆಂಪು ಲೈಟು, ಮೈಮೇಲೆ ತಿಳಿ ಬಣ್ಣದ ಬಟ್ಟೆ. ದುಪಟ್ಟಾ ಮನೇಲಿ.

ಈಗ ಭಾನುವಾರ ಸಾಯಂಕಾಲ ಮೇಷ್ಟ್ರ ಮನೆ ಹಿಂದೆ ಹತ್ತು ಹನ್ನೆರಡು ಮಕ್ಕಳು ಬರ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ ಮೇಲೆ ನಮ್ಮ ಸುತ್ತಮುತ್ತ ಹಳ್ಳಿಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಹೈಸ್ಕೂಲಿಗೆ ತುಳ್ಕೊಂಡು ಹೋದ್ರು ನನ್ನ ಕಣ್ಣಾರೆ ನೋಡಿದ್ದೀನಿ, ಅವತ್ತು ಒಂದೊಂದು ಸೈಕಲ್ಲಿನ ಜೊತೆ ಒಂದೊಂದು ಹೆಲ್ಮೆಟ್ಟೂ ಬಂದಿದ್ರೆ ಅಂತ ಈಗಲೂ ಅನ್ಸುತ್ತೆ. ಕೊಯ್ದ ಹೆಲ್ಮೆಟ್ಟಿನ ಎರಡು ಹೋಳು ಅಲ್ಲೇ ಕಿಟಕಿ ಮೇಲಿದೆ, ಹೊಸದಾಗಿ ಬರೋ ಪ್ರತಿ ಮಗೂನೂ ಮೊದಲು ಬೆರಳಿಟ್ಟು ಆ ಅವಲಕ್ಕಿ ಜಾಗ ಮುಟ್ಟಿ ನೋಡುತ್ತೆ.

ಕಳೆದ ವಾರ ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಅಣ್ಣನ ಸೈಕಲ್ ತಂದಿದ್ಲು, ಪೆಡಲ್ಲಿಗೆ ಕಾಲು ಪೂರ್ತಿ ಎಟುಕ್ತಿರಲಿಲ್ಲ. ಮಂಡಿ ಊರಿ ಕೂರಿಸಿ ಹೆಗಲ ಮೇಲೆ ಉರುಳು ಅಂದ್ರೆ ಮೂರು ಸಲವೂ ಅಂಗೈ ಊರಿದ್ಲು. ನಾನು ಪಕ್ಕದಲ್ಲಿ ಕೂತು ನನ್ನ ಕೈಯಿಂದ ಒಂದು ಗಾಜಿನ ಬಳೆ ತೆಗೆದು ಟಾರ್ಪಾಲಿನ ಮೇಲೆ ಅವಳ ಮುಂದೆ ಉರುಳಿಸಿ ಬಿಟ್ಟೆ. ಅದು ಹೋಗೋದನ್ನೇ ನೋಡ್ತಾ ಕೂತ್ಲು. ನಾಲ್ಕನೇ ಸಲ ಉರುಳಿ ಎದ್ದಾಗ ಜಡೆ ತುಂಬಾ ರಾಗಿ ಹುಲ್ಲು, ಅಂಗೈಲಿ ಮಾತ್ರ ಒಂದು ಕಡ್ಡೀನೂ ಅಂಟಿರಲಿಲ್ಲ.